ಕೊಲಂಬೊದಲ್ಲಿ ಊರಾಚೆಯ ಮನೆ

ಕೃಷ್ಣರಾಜನಗರ

ನಾನು ಸಮುದ್ರ ದಾಟಿದ್ದು ಒಂದು ವಿಳಾಸ ನೋಡಿಕೊಂಡು ಬರುವುದಕ್ಕೆ. ಜ್ಞಾನಾರ್ಜನೆ, ದೇಶ ನೋಡುವ ಹಂಬಲ ಮುಂತಾದ ದೊಡ್ಡ ರೋಗಗಳು ನನಗೆ ಇರಲಿಲ್ಲ, ಈಗಲೂ ಇಲ್ಲ. ಅಂಥವನ್ನು ಬಯಸುವ ಓದುಗರು ಇಲ್ಲಿಂದಲೇ ಹಿಂದಿರುಗಿದರೆ ಇಬ್ಬರಿಗೂ ಕ್ಷೇಮ.

ವಿಷಯ ಇಷ್ಟು. ನನ್ನ ತಂಗಿ ನಂಜಮ್ಮನ ಗಂಡ ವೆಂಕಟೇಶಯ್ಯ ಪಿರಿಯಾಪಟ್ಟಣದ ಕಡೆಯವರು. ಹುಣಸೂರಿನಲ್ಲಿ ಒಬ್ಬ ಕಾಫಿ ದೊರೆಯ ಹತ್ತಿರ ಗುಮಾಸ್ತೆಯಾಗಿದ್ದರು. ಆ ದೊರೆ ಸಿಂಹಳಕ್ಕೆ ಹೋಗುವಾಗ ಇವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಕೊಲಂಬೊದ ಒಂದು ಚಹಾ ಮಳಿಗೆಯಲ್ಲಿ ಕೂರಿಸಿದ. ಹಿಂದೆಯೇ ಹೆಂಡತಿಯೂ ಮಗಳು ಶಾರದೆಯೂ ಹೋದರು. ಆರು ವರ್ಷ ಕಳೆಯಿತು. ಈಗ ಶಾರದೆಗೆ ಹುಣಸೂರಿನ ನರಹರಿರಾಯರ ಮಗನನ್ನು ಗೊತ್ತುಮಾಡುವ ಮಾತು ನಡೆದಿತ್ತು. ಹುಡುಗ ಮೈಸೂರಿನಲ್ಲಿ ಓದುತ್ತಿದ್ದ. ಜಾತಕ ಕೂಡಿತ್ತು. ಹಿಂದಿನ ವರ್ಷ ಶಾರದೆ ಊರಿಗೆ ಬಂದಿದ್ದಾಗ ಯಾವುದೋ ಮದುವೆ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ಅವರು ನೋಡಿದ ರೀತಿ ನೋಡಿದರೆ ಜಾತಕ ಕೂಡದಿದ್ದರೂ ಕೂಡಿಸಬೇಕಾಗುತ್ತಿತ್ತು ಎಂದು ನನ್ನ ಹೆಂಡತಿ ಹೇಳಿದಳು.

ಎಲ್ಲ ಕೂಡಿಬಂತು ಎನ್ನುವಾಗ ಯಾರೋ ಪುಣ್ಯಾತ್ಮರು ರಾಯರ ಕಿವಿಗೆ ಒಂದು ಮಾತು ಹಾಕಿದರು. ವೆಂಕಟೇಶಯ್ಯ ಕೊಲಂಬೊದಲ್ಲಿ ಊರಾಚೆ ಮನೆ ಮಾಡಿಕೊಂಡಿದ್ದಾನಂತೆ.

ರಾಯರು ನನಗೆ ಹೇಳಿಕಳಿಸಿದರು. ಹೋದೆ.

"ನೋಡಿ ಸುಬ್ಬರಾಯರೇ, ವರದಕ್ಷಿಣೆ ಕೇಳೋನಲ್ಲ ನಾನು. ಹುಡುಗಿ ಲಕ್ಷಣವಾಗಿದ್ದಾಳೆ, ಅದೂ ಸರಿ. ಆದರೆ ನರಹರಿರಾಯ ಊರಾಚೆ ಇರೋರ ಮನೆಯಿಂದ ಹೆಣ್ಣು ತಂದ ಅಂತ ನಾಳೆ ನಾಲ್ಕು ಜನ ಆಡಿಕೊಂಡರೆ ನಾನು ಈ ಬೀದೀಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ. ನೀವು ಸೋದರಮಾವ. ನೀವೇ ಹೋಗಿ ಕಣ್ಣಾರೆ ನೋಡಿ ಬನ್ನಿ. ಊರೊಳಗಿದ್ದರೆ ಮದುವೆ. ಊರಾಚೆ ಇದ್ದರೆ ಕ್ಷಮಿಸಬೇಕು."

ಅವರ ಮಾತು ನನಗೆ ಸಮಂಜಸವಾಗಿಯೇ ಕಂಡಿತು. ಮನೆ ಎಲ್ಲಿದೆ ಎನ್ನುವುದರ ಬೆಲೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಳೆ ಉಕ್ಕಿ ನಮ್ಮ ಹಳೆಯ ಎಡತೊರೆ ಹಾಳಾದ ಮೇಲೆ ದಿಣ್ಣೆಯ ಮೇಲೆ ಈ ಹೊಸ ಊರು ಎದ್ದಿತಷ್ಟೆ. ಎಂಜಿನಿಯರುಗಳು ರೂಲುದೊಣ್ಣೆ ಇಟ್ಟು ಗೆರೆ ಎಳೆದಂತೆ ಬೀದಿಗಳನ್ನು ಹಾಕಿದರು. ಹಳೆಯ ಊರಿನ ಒಂದು ಓಣಿಯೂ ನೆಟ್ಟಗಿರಲಿಲ್ಲ, ಹೊಸ ಊರಿನ ಒಂದು ಬೀದಿಯೂ ಸೊಟ್ಟಗಿರಲಿಲ್ಲ. ಆದರೆ ಆ ನೆಟ್ಟನೆಯ ಬೀದಿಗಳಲ್ಲಿ ಯಾರು ಎಲ್ಲಿರಬೇಕು ಎಂಬ ಚಿಂತೆ ನಮ್ಮ ಬೀದಿಯವರಿಗೆ ಹತ್ತಿತು. ಮನೆಮನೆಗೂ ಓಡಾಡಿ, ಒಪ್ಪದವರನ್ನು ಒಪ್ಪಿಸಿ, ನಡುವೆ ನಾವು, ನಮ್ಮ ಸುತ್ತ ಅಂಗಡಿಯವರು, ಅವರ ಸುತ್ತ ಒಕ್ಕಲು ಮಕ್ಕಳು, ಎಲ್ಲರಿಂದ ಆಚೆ ಕೇರಿಯವರು ಎಂದು ಮೊದಲಿನಂತೆಯೇ ಹೊಂದಿಸಿಕೊಂಡೆವು. ಹೊಳೆಯಲ್ಲಿ ನಮ್ಮ ಪಾತ್ರೆ, ಪೆಟ್ಟಿಗೆ, ಕಣಜದ ಭತ್ತ ಎಲ್ಲ ಹೋಗಿತ್ತು. ಇದೊಂದನ್ನು ಮಾತ್ರ ನೀರು ಮುಟ್ಟದಂತೆ ತಲೆಯ ಮೇಲೆ ಹೊತ್ತು ತಂದಿದ್ದೆವು. ಆ ಓಡಾಟದಲ್ಲಿ ಮುಂದಾಳು ನಾನೇ.

ಸಮುದ್ರ ದಾಟಿದರೆ ಪ್ರಾಯಶ್ಚಿತ್ತ ಬೇಕೆಂದು ಪುರೋಹಿತರು ಎದ್ದರು. ಶ್ರೀರಾಮನೇ ಲಂಕೆಗೆ ಹೋಗಿಬಂದಿದ್ದಾನಲ್ಲ ಎಂದೆ. ಅವನು ಸೇತುವೆಯ ಮೇಲೆ ಹೋದ ಎಂದರು. ನಾನೂ ರೈಲಿನಲ್ಲಿ ಪಾಂಬನ್ ಸೇತುವೆಯ ಮೇಲೆಯೇ ಹೋಗುತ್ತೇನೆ ಎಂದೆ. ಕಡೆಗೆ ಧನುಷ್ಕೋಟಿಯಿಂದಾಚೆ ಉಳಿಯುವ ನೀರಿನಷ್ಟಕ್ಕೆ ಮಾತ್ರ ಪ್ರಾಯಶ್ಚಿತ್ತ ಎಂದು ತೀರ್ಮಾನವಾಯಿತು.

ಮಂಡಪಂ

ಜರಿ ಪೇಟ, ಕರಿ ಕೋಟು, ಇಸ್ತ್ರಿ ಮಾಡಿದ ಪಂಚೆ. ನನ್ನ ವೇಷ ಎರಡನೆಯ ತರಗತಿಯದು, ಟಿಕೇಟು ಮೂರನೆಯದು. ರೈಲಿನವರು ಟಿಕೇಟನ್ನಷ್ಟೇ ನೋಡಿದರು. ಸಿಂಹಳಕ್ಕೆ ಹೋಗುವ ಮೂರನೆಯ ತರಗತಿಯವರನ್ನು ಇಲ್ಲಿ ಇಳಿಸಿ, ಮೈಯಲ್ಲಿ ಕಾಯಿಲೆ ಇದೆಯೋ ಇಲ್ಲವೋ ಎಂದು ಕೆಲವು ದಿನ ಕೂಡಿಹಾಕಿ ನೋಡುತ್ತಾರೆ. ಮೇಲಿನ ತರಗತಿಯವರು ಕಿಟಕಿಯಿಂದ ನಮ್ಮನ್ನು ನೋಡುತ್ತ ಮುಂದೆ ಹೋದರು. ಅವರಿಗೆ ಕಾಯಿಲೆ ಬರುವುದಿಲ್ಲವೆಂದು ಸರ್ಕಾರಕ್ಕೆ ಹೇಗೆ ಗೊತ್ತಾಯಿತೋ.

ಚಹಾ ತೋಟಗಳಿಗೆ ಹೋಗುವ ಕೂಲಿಯವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದರು. ನಾನು ಡಾಕ್ಟರರಿಗೆ ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ನಾನು ನಮ್ಮೂರಿನ ನಟ್ಟನಡುವಿನ ಬೀದಿಯಲ್ಲಿರುವವನು, ಕಾಯಿಲೆ ಕಸಾಲೆ ಎಲ್ಲ ಊರಂಚಿನವರಿಗೆ, ಎಂದು ತಿಳಿಸಿ ಹೇಳಿದೆ. ಅವರು ನಾಲಿಗೆ ಚಾಚು ಎಂದರು. ನಾನು ಚಾಚಿದೆ. ಮುಂದೆ ಮಾತಾಡಲಾಗಲಿಲ್ಲ.

ಆಮೇಲೆ ಎಲ್ಲರ ಬಟ್ಟೆಯನ್ನೂ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಹಬೆಯಲ್ಲಿ ಬೇಯಿಸಿದರು. ಕಡುಬು ಬೇಯಿಸಿದ ಹಾಗೆಯೇ. ನನ್ನ ಜರಿ ಪೇಟ ಮುದುರಿಕೊಂಡು, ಬಣ್ಣ ಬಿಟ್ಟು, ಪಕ್ಕದವನ ಕೆಂಪು ಪಂಚೆಯ ಬಣ್ಣ ಕುಡಿದು ಹೊರಬಂತು. ಅದನ್ನು ಮತ್ತೆ ಸುತ್ತಿಕೊಳ್ಳಲು ಹೋದೆ, ತಲೆಯ ಅರ್ಧಕ್ಕೂ ಬರಲಿಲ್ಲ. ಮುಂದಿನ ಪ್ರವಾಸವನ್ನೆಲ್ಲ ನಾನು ಬರಿತಲೆಯಲ್ಲಿ ಮಾಡಬೇಕಾಯಿತು.

ಕೊಲಂಬೊ, ಕೋಟೆ ಸ್ಟೇಷನ್

ಈ ಸ್ಟೇಷನ್ನಿನ ಹೆಸರು ಕೋಟೆ. ಸುತ್ತಲೂ ನೋಡಿದೆ, ಕೋಟೆ ಇಲ್ಲ. ನಮ್ಮ ಹೆಗ್ಗಡದೇವನಕೋಟೆಯಲ್ಲೂ ಕೋಟೆಯನ್ನು ಹುಡುಕಬೇಕಾಗುವುದರಿಂದ ನನಗೆ ಪರಸ್ಥಳ ಎನ್ನಿಸಲಿಲ್ಲ. ಇಲ್ಲಿನ ವಯಸ್ಸಾದ ಗಂಡಸರು ಕೂದಲನ್ನು ತುರುಬು ಕಟ್ಟಿ, ಅದರ ಮುಂದೆ ಕಮಾನಿನಂಥ ಬಾಚಣಿಗೆ ಸಿಕ್ಕಿಸಿಕೊಂಡು, ಮೇಲೆ ಕೋಟು ಹಾಕಿ, ಕೆಳಗೆ ಸೀರೆಯಂತೆ ಬಟ್ಟೆ ಸುತ್ತಿಕೊಂಡು ಬಹಳ ಗಂಭೀರವಾಗಿ ಓಡಾಡುತ್ತಾರೆ. ನನ್ನ ಜುಟ್ಟು ನೋಡಿ ಅವರು ನಕ್ಕರು. ನಾನು ಅವರ ಬಾಚಣಿಗೆ ನೋಡಿ ನಕ್ಕೆ.

ವೆಂಕಟೇಶಯ್ಯ ಬಂದು ನನ್ನ ಗಂಟನ್ನು ತೆಗೆದುಕೊಂಡರು. ಊರೊಳಗೆ ಹೋಗುವ ಬಾಗಿಲ ಕಡೆ ನಾನು ತಿರುಗಿದೆ. ಅವರು ಇನ್ನೊಂದು ಪ್ಲಾಟ್‌ಫಾರಮ್ಮಿನ ಕಡೆ ತಿರುಗಿದರು.

"ಈ ಕಡೆ ಭಾವ. ಇನ್ನೊಂದು ರೈಲು ಹತ್ತಬೇಕು."

"ಇನ್ನೊಂದು ರೈಲಾ? ಕೊಲಂಬೊ ಬಂತಲ್ಲ?"

"ಕೊಲಂಬೊ ಬಂತು. ಮನೆ ಬರಬೇಕು."

ರೈಲು ಸಮುದ್ರದ ಪಕ್ಕದಲ್ಲೇ, ಅಲೆ ಎಗರಿದರೆ ಗಾಡಿಯೊಳಗೆ ಬೀಳುವಷ್ಟು ಹತ್ತಿರದಲ್ಲಿ ಓಡುತ್ತದೆ. ನಾನು ಸಮುದ್ರವನ್ನು ನೋಡಲಿಲ್ಲ. ಗಾಡಿಯಲ್ಲಿದ್ದವರನ್ನು ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕೈಯಲ್ಲಿ ಪತ್ರಿಕೆ, ಬಗಲಲ್ಲಿ ಕೊಡೆ. ಗುಮಾಸ್ತೆಗಳು, ವಕೀಲರು, ಇನ್ಸ್‌ಪೆಕ್ಟರುಗಳು. ಇಷ್ಟೊಂದು ಮರ್ಯಾದಸ್ಥರು ಸಂಜೆಯಾಗುತ್ತಲೇ ಊರು ಬಿಟ್ಟು ಹೊರಗೆ ಓಡುತ್ತಿದ್ದಾರಲ್ಲ, ಇವರಿಗೆಲ್ಲ ಯಾರು ಬಹಿಷ್ಕಾರ ಹಾಕಿದರು ಎಂದು ಯೋಚಿಸಿದೆ.

ದೆಹಿವಲ

ಮನೆಗೆ ಕೆಂಪು ಹೆಂಚು, ಮುಂದೆ ಅಗಲವಾದ ಪಡಸಾಲೆ. ಅಂಗಳದಲ್ಲಿ ಒಂದು ಹಲಸಿನ ಮರ, ಹಿಂದೆ ಸ್ವಂತ ಬಾವಿ. ಎಡಕ್ಕೆ ಒಬ್ಬ ಸಿಂಹಳದ ಪೋಸ್ಟ್‌ಮಾಸ್ಟರು. ಬಲಕ್ಕೆ ಮನೆಯ ಯಜಮಾನಿ, ಡಚ್ಚರ ವಂಶದವಳಂತೆ, ಒಂಟಿ ಮುದುಕಿ. ಪೋಸ್ಟ್‌ಮಾಸ್ಟರಿಗೂ ನಮ್ಮ ಮನೆಗೂ ನಡುವೆ ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಖಾಲಿ ಜಾಗ. ನಾನು ಮನೆಯನ್ನು ಸುತ್ತು ಹಾಕಿ ನೋಡಿದೆ. ಯಾರ ಗೋಡೆಯೂ ಈ ಮನೆಯ ಗೋಡೆಗೆ ತಾಗಿರಲಿಲ್ಲ. ಅಕ್ಕಪಕ್ಕದವರು ಗೋಡೆ ತಾಗಿಸದೆ ದೂರ ಉಳಿದಿರುವ ಮನೆ ನಮ್ಮ ಕಡೆ ಯಾರದು ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಂಜಮ್ಮ ಸಂಭ್ರಮದಿಂದ ಮನೆಯನ್ನು ತೋರಿಸಿದಳು. ನಾನು ಕುಳಿತುಕೊಂಡು ರಾಯರ ಮಾತನ್ನು ಹೇಳಿದೆ. ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಅಣ್ಣ, ಇಲ್ಲಿ ಊರಾಚೆ ಅಂದರೆ ನಮ್ಮೂರಿನ ಊರಾಚೆ ಅಲ್ಲ ಕಣೋ. ಇಲ್ಲಿ ದೊಡ್ಡೋರೆಲ್ಲ ಆಚೆನೇ ಇರೋದು."

"ದೊಡ್ಡೋರು ಯಾಕೆ ಆಚೆ ಇರ್ತಾರೆ? ಒಳಗೆ ಜಾಗ ಸಿಗದೋರು ಆಚೆ ಇರ್ತಾರೆ."

ವೆಂಕಟೇಶಯ್ಯ ಲೆಕ್ಕ ಬಲ್ಲವರು, ತಾಳ್ಮೆಯಿಂದ ಬಿಡಿಸಿ ಹೇಳಿದರು. ಇಲ್ಲಿ ಸಂಬಳ ಏರಿದ ಹಾಗೆ ಮನುಷ್ಯ ಸ್ಟೇಷನ್ ಸ್ಟೇಷನ್ ದಾಟಿ ಆಚೆಗೆ ಹೋಗುತ್ತಾನಂತೆ. ಮಳಿಗೆಯ ಮುಖ್ಯ ಗುಮಾಸ್ತೆ ಇನ್ನೂ ಒಂದು ಸ್ಟೇಷನ್ ಆಚೆ ಇದ್ದಾರಂತೆ. ಅವರು ಈಗ ನಿವೃತ್ತರಾಗುತ್ತಾರೆ, ಅವರ ಜಾಗ ಬರುವ ತಿಂಗಳು ತಮಗೇ ಸಿಗುತ್ತದೆಂದು ದೊರೆ ಹೇಳಿದ್ದಾರಂತೆ. ಈ ಮನೆಯ ಬಾಡಿಗೆ ಸಂಬಳದಲ್ಲಿ ಆರರಲ್ಲೊಂದು ಪಾಲೂ ಇಲ್ಲವಂತೆ.

ಆ ಕಡೆಯ ಮಾತು ನನಗೆ ಸಾಕಾಯಿತು. ಇಷ್ಟು ದೊಡ್ಡ ಮನೆ, ಬಾವಿ, ಮರ, ಇಷ್ಟು ಅಗ್ಗಕ್ಕೆ! ಇದು ಕೇರಿಯೆನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ನಾನು ಅಲ್ಲೇ ತೀರ್ಪು ಕೊಟ್ಟೆ. ಪಟ್ಟಣದ ನಡುವೆ ಒಂದು ಮನೆ ನೋಡೋಣ. ಅಲ್ಲಿಂದ ರಾಯರಿಗೆ ಕಾಗದ ಬರೆಯೋಣ. ಮದುವೆಯಾಗುವವರೆಗೆ ಅಲ್ಲಿರಿ, ಆಮೇಲೆ ಬೇಕಾದರೆ ಸಮುದ್ರದೊಳಗೆ ಮನೆ ಮಾಡಿ.

ಒಳಬಾಗಿಲ ಹತ್ತಿರ ನಿಂತಿದ್ದ ಶಾರದೆ ಹೇಳಿದಳು: "ಮಾವ, ಪಟ್ಟಣದ ನಡುವೆ ಅಂದರೆ ಪೆಟ್ಟಾ. ಅದರೊಳಗೆ ಒಂದು ಸಲ ಹೋಗಿ ನೋಡಿಬಿಟ್ಟು ಆಮೇಲೆ ಹೇಳಿ."

"ನೋಡೋದೇನು ಬಂತು? ನಡುಪೇಟೆ ನಡುಪೇಟೆಯೇ. ನಿನಗೆ ಈ ಹುಡುಗ ಬೇಕೋ ಬೇಡವೋ?"

ಅವಳ ಮುಖ ಕೆಂಪಾಯಿತು. ಒಳಗೆ ಹೋದಳು. ನಂಜಮ್ಮ ಗಂಡನ ಮುಖ ನೋಡಿದಳು. ವೆಂಕಟೇಶಯ್ಯ ಹಲಸಿನ ಮರ ನೋಡಿದರು. ಹೆಣ್ಣು ಹೆತ್ತವರಿಗೆ ಅದಕ್ಕಿಂತ ಹೆಚ್ಚಿನ ವಾದ ಗೊತ್ತಿರುವುದಿಲ್ಲ.

ಪೆಟ್ಟಾ

ಹಡಗುಕಟ್ಟೆಗೂ ಕೋಟೆಗೂ ಅಂಟಿಕೊಂಡಿರುವ ಹಳೆಯ ಪೇಟೆಗೆ ಪೆಟ್ಟಾ ಎಂದು ಹೆಸರು. ಟ್ರಾಮು, ಕೈಗಾಡಿ, ಈರುಳ್ಳಿ ಮೂಟೆ, ಒಣಮೀನು, ಚೆಟ್ಟಿಯಾರರ ಚಿನ್ನದಂಗಡಿ, ನಾಲ್ಕು ಹೆಜ್ಜೆಗೊಂದು ಕೋವಿಲು, ಇಷ್ಟೂ ಒಂದರ ಮೇಲೊಂದು ಬಿದ್ದುಕೊಂಡಿವೆ. ದೇವಸ್ಥಾನದ ಗಂಟೆ ಕೇಳಿ ನನಗೆ ಸಮಾಧಾನವಾಯಿತು. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಗಂಟೆಯ ಕಡೆಗೆ ಕಿವಿ ಕೊಟ್ಟು ನಡೆದೆ.

ಒಬ್ಬ ದಳ್ಳಾಳಿ ಸಿಕ್ಕಿದ. ಮನೆ ಬೇಕು ಎಂದರೆ ನಕ್ಕ, ಇಲ್ಲಿ ಮನೆಗಳಿಲ್ಲ, ಕೋಣೆಗಳಿವೆ ಎಂದ. ಒಂದು ಮಹಡಿಯ ವಠಾರಕ್ಕೆ ಕರೆದುಕೊಂಡು ಹೋದ. ಕೆಳಗೆ ಗೋಣಿಚೀಲದ ಗೋದಾಮು, ಮೇಲೆ ಸಾಲಾಗಿ ಕೋಣೆಗಳು, ಅಷ್ಟಕ್ಕೂ ಅಂಗಳದಲ್ಲಿ ಒಂದೇ ನಲ್ಲಿ. ಎರಡು ಕೋಣೆಗೆ ಅವನು ಹೇಳಿದ ಬಾಡಿಗೆ ದೆಹಿವಲದ ಇಡೀ ಮನೆಯದಕ್ಕಿಂತ ಒಂದೂವರೆ ಪಟ್ಟು. ವೆಂಕಟೇಶಯ್ಯ ಬೆವರು ಒರೆಸಿಕೊಂಡರು. ನನಗೆ ಮಾತ್ರ ಅಷ್ಟು ಹೊತ್ತಿಗೆ ಖಾತ್ರಿಯಾಗಿ ಹೋಯಿತು. ದುಬಾರಿಯೆಂದ ಮೇಲೆ ಇದು ಅಗ್ರಹಾರವೇ ಸರಿ! ವಠಾರದ ಯಜಮಾನರು ಎಲ್ಲಿದ್ದಾರೆ, ಒಂದು ಮಾತು ಆಡಿಕೊಂಡು ಹೋಗೋಣ ಎಂದೆ. ಅವರು ದಾಲ್ಚಿನ್ನಿ ತೋಟ ಎಂಬ ಬಡಾವಣೆಯಲ್ಲಿ ಬಂಗಲೆ ಕಟ್ಟಿಕೊಂಡಿದ್ದಾರೆ, ಈ ವಠಾರವನ್ನು ಅವರು ನೋಡಿಯೇ ಇಲ್ಲ ಎಂದು ದಳ್ಳಾಳಿ ಹೇಳಿದ. ಆ ಬಡಾವಣೆಯಲ್ಲಿ ಈಗ ದಾಲ್ಚಿನ್ನಿಯ ಒಂದು ಕಡ್ಡಿಯೂ ಇಲ್ಲವಂತೆ.

ಎರಡು ಕೋಣೆ ಹಿಡಿದೆವು, ಎತ್ತಿನ ಗಾಡಿಯಲ್ಲಿ ಸಾಮಾನು ಬಂತು. ನಾನು ಪೆಟ್ಟಿಗೆಯ ಮೇಲೆ ಕುಳಿತು ನರಹರಿರಾಯರಿಗೆ ಕಾಗದ ಬರೆದೆ. ತಾವು ಕೇಳಿದ್ದು ಸುಳ್ಳು ಸುದ್ದಿ. ನಮ್ಮ ವೆಂಕಟೇಶಯ್ಯನವರು ಪಟ್ಟಣದ ಹೃದಯದಲ್ಲಿ, ಮೂರು ದೇವಸ್ಥಾನಗಳ ನಡುವೆ, ರಾಜಬೀದಿಯ ಪಕ್ಕದಲ್ಲಿ ಮಹಡಿಯ ಮೇಲೆ ವಾಸವಾಗಿದ್ದಾರೆ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕಾಗದವನ್ನು ಟಪಾಲಿಗೆ ಹಾಕಲು ಮಹಡಿ ಇಳಿಯುತ್ತಿದ್ದಾಗ ಎದುರಿಗೆ ಒಬ್ಬ ಹತ್ತಿಬರುತ್ತಿದ್ದ. ಮೈತುಂಬ ಕಲ್ಲಿದ್ದಲ ಮಸಿ, ಕಣ್ಣು ಮಾತ್ರ ಬೆಳ್ಳಗೆ. ನಾನು ವೆಂಕಟೇಶಯ್ಯನವರಿಗೆ ಕೂಗಿ ಹೇಳಿದ ಕನ್ನಡ ಅವನ ಕಿವಿಗೆ ಬಿದ್ದಿತ್ತು. ನಿಂತುಬಿಟ್ಟ.

"ಬುದ್ಧೀ! ನೀವು ನಮ್ ಸೀಮೆಯೋರಾ?"

"ಯಾವೂರೋ ನಿಂದು?"

"ಕ್ವಾಟೆ ತಾವ ಬುದ್ಧಿ. ಆಂಡ್‌ಪೋಸ್ಟಿಂದ ಈಚ್ಗೆ. ಕೆಂಚ ಅಂತವ ನನ್ ಎಸ್ರು. ಕೊಡ್ಗಿನ್ ತ್ವಾಟಕ್ಕೋದೆ. ಅಲ್ಲಿಂದ ಮೇಸ್ತ್ರಿ ಈ ಕಡೀಕ್ ಕರ್ಕಬಂದ. ಈಗ ತ್ವಾಟ ಬುಟ್ಟು ಅಡಗಿಗೆ ಇದ್ಲು ಒರ್ತೀನಿ."

ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟ್ ಹತ್ತಿರದ ಒಂದು ಕೇರಿಯವನು, ಈಗ ಹಡಗಿಗೆ ಇದ್ದಲು ಹೊರುತ್ತಾನೆ ಎಂದು ನನಗೆ ಅರ್ಥವಾಯಿತು. ಅವನಿಗೂ ನಾನು ಯಾರೆಂದು ಅರ್ಥವಾಗಿ, ದಾರಿ ಬಿಡಲು ಹಿಂದಕ್ಕೆ ಸರಿದ. ಸರಿಯಲು ಜಾಗ ಎಲ್ಲಿದೆ? ಬೆನ್ನು ಗೋಡೆಗೆ ತಾಗಿತು, ಹೊಟ್ಟೆ ನನ್ನ ಕೋಟಿಗೆ ತಾಗಿತು. ನಮ್ಮೂರಿನಲ್ಲಿ ನಮ್ಮಿಬ್ಬರ ನಡುವೆ ಇರುವ ದೂರವನ್ನು ಇಲ್ಲಿ ಹಾಸಬೇಕೆಂದರೆ ಆ ಇಡೀ ವಠಾರ ಸಾಲುತ್ತಿರಲಿಲ್ಲ.

"ಎಲ್ಲಿದ್ದೀಯೋ ನೀನು?"

"ಇಲ್ಲೇ ಬುದ್ಧಿ. ನಿಮ್ ಗ್ವಾಡೆ ಮಗ್ಗುಲ್ ರೂಮು. ಒಂಬತ್ ಜನ ಇವ್ವಿ." ಅವನ ಮುಖ ಅರಳಿತು. "ನಮ್ಮವ್ವ ಕೇಳುದ್ರೆ ಕುಣುದ್ಬುಡ್ತಾಳೆ. ಅಳ್ಳೀಲಿ ನಮ್ಮಟ್ಟಿ ಊರಿಂದಾಚ್ಗೆ. ಇಲ್ಲಿ ನಾನು ಊರ ನಡೂಮಧ್ಯ ಮನೆ ಮಾಡಿವ್ನಿ, ಗ್ವಾಡೆ ಆಚ್ಗೆ ನೀವು!"

ಅವನು ನಕ್ಕ. ಆ ನಗುವಿನಲ್ಲಿ ವಿನಯ ಎಷ್ಟಿತ್ತು, ಮಿಕ್ಕದ್ದು ಎಷ್ಟಿತ್ತು ಎಂದು ನಾನು ಅಳೆಯಲು ಹೋಗಲಿಲ್ಲ. ಕಾಗದವನ್ನು ಟಪಾಲಿಗೆ ಹಾಕಿ ಬಂದೆ.

ಅದೇ ವಠಾರ, ಮೂರನೆಯ ವಾರ

ಈ ಪಟ್ಟಣದ ಹೃದಯದಲ್ಲಿ ನೀರು ಬೆಳಗಿನ ಹೊತ್ತು ಒಂದು ಗಳಿಗೆ ಬರುತ್ತದೆ. ನಂಜಮ್ಮ ಮಡಿಯುಟ್ಟು ತಾಮ್ರದ ಬಿಂದಿಗೆ ಹಿಡಿದು ಹೋಗುತ್ತಾಳೆ. ಅವಳ ಹಿಂದೆ ಮುಂದೆ ಹಡಗುಕಟ್ಟೆಯ ಕೂಲಿಗಳು, ಮಲಯಾಳದ ಹೋಟೆಲಿನವರು, ಒಣಮೀನಿನ ಬುಟ್ಟಿಯವಳು. ಮಡಿ ಮೊದಲ ದಿನವೇ ಹೋಯಿತು. ಎರಡನೆಯ ದಿನ ಬಿಂದಿಗೆಯೂ ಹೋಯಿತು. ಆಮೇಲೆ ಕೆಂಚನೇ ಅವರಿವರನ್ನು ಗದರಿಸಿ ಅವಳಿಗೆ ಜಾಗ ಮಾಡಿಕೊಡಲಾರಂಭಿಸಿದ. ಅವನು ಜಾಗ ಮಾಡಿಕೊಟ್ಟ ನಲ್ಲಿಯಲ್ಲಿ ಹಿಡಿದ ನೀರಿನಲ್ಲಿಯೇ ನನ್ನ ಸಂಧ್ಯಾವಂದನೆ ನಡೆಯುತ್ತಿತ್ತು.

ಒಂದು ದಿನ ನಾನು ಅವನನ್ನು ಬಾಡಿಗೆಯ ವಿಷಯ ಕೇಳಿದೆ. ನಾವು ಎರಡು ಕೋಣೆಗೆ ಕೊಡುವಷ್ಟನ್ನು ಅವರು ಒಂದೇ ಕೋಣೆಗೆ ಕೊಡುತ್ತಿದ್ದರು.

"ಇಲ್ಲಿ ತಲೆ ಎಣುಸ್ತಾರೆ ಬುದ್ಧಿ, ಗ್ವಾಡೆ ಎಣ್ಸಲ್ಲ. ತಲೆಗೊಂದ್ ಚಾಪೆ ಅಗಲ. ದುಡ್ದಿದ್ರಾಗೆ ಅರ್ಧ ಆ ಚಾಪೆಗೇ ಓಯ್ತದೆ."

ವೆಂಕಟೇಶಯ್ಯ ಇವನ ಎಷ್ಟೋ ಪಟ್ಟು ಸಂಪಾದಿಸಿ ಆರರಲ್ಲೊಂದು ಪಾಲು ಕೊಟ್ಟು ಬಾವಿ, ಮರ, ಪಡಸಾಲೆ ಅನುಭವಿಸುತ್ತಿದ್ದರು. ಇವನು ಅರ್ಧ ಕೊಟ್ಟು ಚಾಪೆ ಅನುಭವಿಸುತ್ತಿದ್ದ. ನನಗೆ ಒಂದು ಬುದ್ಧಿವಂತಿಕೆ ಹೊಳೆಯಿತು. ದೆಹಿವಲದ ಕಡೆ ಇದಕ್ಕಿಂತ ಕಡಿಮೆಗೆ ದೊಡ್ಡ ಮನೆಯೇ ಸಿಗುತ್ತದೆ, ಒಂಬತ್ತು ಜನವೂ ಸೇರಿ ಅಲ್ಲಿ ಯಾಕೆ ಇರಬಾರದು ಎಂದೆ.

ಕೆಂಚ ನನ್ನನ್ನು ಮಗುವನ್ನು ನೋಡುವಂತೆ ನೋಡಿದ.

"ದೂರ ಇರಾಕೆ ದುಡ್ಡು ಬೇಕು ಬುದ್ಧಿ. ಅಡಗು ಬತ್ತಿದ್ದಂಗೇ ಮೇಸ್ತ್ರಿ ಕೂಗ್ತಾನೆ. ಕೂಗು ಕೇಳೋ ಅಷ್ಟ್ ದೂರ್ದಾಗೇ ನಾವಿರ್ಬೇಕು. ಇಲ್ಲಾಂದ್ರೆ ಅವತ್ತಿನ್ ಕೂಲಿ ಇಲ್ಲ. ರೈಲ್ ಚಾರ್ಜು ಯಾರ್ ಕೊಟ್ಟಾರು? ನಮ್ಮಳ್ಳೀಲಾದ್ರೆ ದೂರ ಇರಾಕೆ ಕಾಸೂ ಬ್ಯಾಡ ಬುಡಿ. ನೀವೇ ಇಕ್ತೀರಿ."

ಅವನು ಜಗಳಕ್ಕೆ ಹೇಳಿದ್ದಲ್ಲ. ಮಳೆ ಬರುತ್ತಿದೆ ಎನ್ನುವವನ ಧಾಟಿಯಲ್ಲಿ ಹೇಳಿ ಕೆಲಸಕ್ಕೆ ಇಳಿದು ಹೋದ. ನನಗೆ ನಾಚಿಕೆಯಾಯಿತು.

ಆ ವಾರದಲ್ಲಿಯೇ ಎರಡು ಸಂಗತಿ ಒಟ್ಟಿಗೆ ನಡೆದವು. ಹುಣಸೂರಿನಿಂದ ರಾಯರ ಕಾಗದ ಬಂತು. ಬಹಳ ಸಂತೋಷ, ಪಟ್ಟಣದ ಹೃದಯದಲ್ಲಿರುವವರ ಸಂಬಂಧ ನಮ್ಮ ಭಾಗ್ಯ, ನೀವು ಬಂದೊಡನೆ ತಾಂಬೂಲ ಬದಲಾಯಿಸೋಣ ಎಂದು ಬರೆದಿದ್ದರು. ನಾನು ಅದನ್ನು ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ವೆಂಕಟೇಶಯ್ಯ ಮಳಿಗೆಯಿಂದ ಬಂದು ಮೂಲೆಯಲ್ಲಿ ಕುಳಿತರು.

"ದೊರೆ ಕರೆಸಿದ್ದರು ಭಾವ. ದಫ್ತರದಲ್ಲಿ ನನ್ನ ಹೊಸ ವಿಳಾಸ ನೋಡಿದರಂತೆ. ಕುಡಿಯೋದು ಯಾವಾಗ ಕಲಿತೆ ಅಂತ ಕೇಳಿದರು."

"ಕುಡಿಯೋದಾ! ನೀವು ಚಹಾ ಮಳಿಗೇಲಿದ್ದು ಚಹಾನೇ ಕುಡಿಯೋಲ್ಲವಲ್ಲ!"

"ಅದನ್ನೇ ಹೇಳಿದೆ. ಹಾಗಾದರೆ ಕುದುರೆ ಜೂಜು ಅಂದರು. ದೆಹಿವಲದಿಂದ ಪೆಟ್ಟಾಗೆ ಇಳಿದೋನು ನೆಟ್ಟಗೆ ಇರೋಕೆ ಸಾಧ್ಯವೇ ಇಲ್ಲ, ಅಂಥೋನ ಕೈಗೆ ಮಳಿಗೆ ಬೀಗದ ಕೈ ಕೊಡೋಲ್ಲ ಅಂದರು. ತಿಂಗಳೊಳಗೆ ಮರ್ಯಾದೆಯ ಜಾಗಕ್ಕೆ ಹೋದರೆ ಮುಖ್ಯ ಗುಮಾಸ್ತೆ ಕೆಲಸ. ಇಲ್ಲದಿದ್ದರೆ ಈಗಿರೋ ಕೆಲಸವೂ ಅನುಮಾನ."

ಹಾಗಾಗಿ ಲೆಕ್ಕ ಸ್ಪಷ್ಟವಾಯಿತು. ಇಲ್ಲಿದ್ದರೆ ಮಗಳಿಗೆ ಮದುವೆ, ಅಪ್ಪನಿಗೆ ಕೆಲಸವಿಲ್ಲ. ಅಲ್ಲಿಗೆ ಹೋದರೆ ಅಪ್ಪನಿಗೆ ಕೆಲಸ, ಮಗಳಿಗೆ ಮದುವೆಯಿಲ್ಲ. ಎರಡು ಊರಿನ ಮರ್ಯಾದೆಗಳು ಒಂದೇ ಮನೆಯನ್ನು ಎರಡು ಕಡೆಗೆ ಎಳೆಯುತ್ತಿದ್ದವು, ಹಗ್ಗ ಕಟ್ಟಿಕೊಟ್ಟವನು ನಾನು. ನಂಜಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಶಾರದೆಯೇ ಮಾತಾಡಿದಳು. "ಮನೆಗೆ ಹೋಗೋಣಮ್ಮ. ಮಾವ, ನೀವು ಊರಿಗೆ ಹೋಗಿ ನಿಜ ಹೇಳಿ. ನಾವಿರೋದು ಊರಾಚೆ ಅಂತಲೇ ಹೇಳಿ. ಅದನ್ನ ಕೇಳಿ ಬೇಡ ಅಂದರೆ ಬೇಡ ಬಿಡಿ."

ಬಿಡಿ ಎಂದಳಷ್ಟೆ. ಬಿಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಮರುದಿನ ಅವಳೇ ದೆಹಿವಲಕ್ಕೆ ಹೋಗಿ ಆ ಡಚ್ಚು ಮುದುಕಿಯ ಹತ್ತಿರ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿ, ಬಾಡಿಗೆಗಿದೆ ಎಂದು ಬಾಗಿಲಿಗೆ ನೇತುಹಾಕಿದ್ದ ಹಲಗೆಯನ್ನು ತೆಗೆಸಿ ಬಂದಳು. ಏನು ಹೇಳಿದೆ ಎಂದು ಕೇಳಿದೆ. ನಮ್ಮ ಸೋದರಮಾವನಿಗೆ ಪಟ್ಟಣ ನೋಡುವ ಆಸೆಯಿತ್ತು, ಈಗ ತೀರಿತು ಎಂದು ಹೇಳಿದಳಂತೆ.

ಸಾಮಾನನ್ನು ಗಾಡಿಗೆ ಏರಿಸಿದವನು ಕೆಂಚ. ಕಾಸು ಕೊಡಲು ಹೋದರೆ ಬೇಡವೆಂದ. ಎರಡು ಕೋಣೆ ಖಾಲಿಯಾದ ಸಂಜೆಯೇ ಅದರಲ್ಲಿ ಹದಿನಾರು ಚಾಪೆ ಬಿದ್ದವಂತೆ.

ಹುಣಸೂರು

ಊರಿಗೆ ಬಂದು ಮಾರನೆಯ ದಿನವೇ ರಾಯರ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತು. ಜಗಲಿಯಲ್ಲಿ ತಾಂಬೂಲದ ತಟ್ಟೆ ಸಿದ್ಧವಾಗಿತ್ತು, ವೀಳೆಯದೆಲೆಯ ಮೇಲೆ ನೀರು ಚಿಮುಕಿಸಿದ್ದರು. ಶಾರದೆಯ ಮಾತು ನೆನೆದು ಧೈರ್ಯ ಮಾಡಿದೆ.

"ರಾಯರೇ, ಕಾಗದದಲ್ಲಿ ಬರೆದದ್ದು ಮೂರು ವಾರದ ಮಾತು. ಅವರಿರೋದು ಊರಾಚೆ."

ರಾಯರ ಕೈ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಿತು.

ನಾನು ಬಿಡಲಿಲ್ಲ. ದೆಹಿವಲದ ಮನೆ, ಬಾವಿ, ಪೋಸ್ಟ್‌ಮಾಸ್ಟರು, ಸಂಜೆಯ ರೈಲು, ದಾಲ್ಚಿನ್ನಿ ತೋಟದ ಬಂಗಲೆಗಳು ಎಲ್ಲವನ್ನೂ ಹೇಳಿದೆ. ಆ ದೇಶದಲ್ಲಿ ಊರೊಳಗೆ ಉಳಿದಿರುವವರು ಕೂಲಿಗಳು, ಹಣವುಳ್ಳವರೆಲ್ಲ ಊರಾಚೆ ಎಂದೆ.

"ವಕೀಲರು?"

"ಊರಾಚೆ."

"ಜಡ್ಜಿಗಳು?"

"ಅವರು ಇನ್ನೂ ಆಚೆ."

ರಾಯರು ಎಲೆಗೆ ಸುಣ್ಣ ಸವರಿದರು. ಆಮೇಲೆ ಎದ್ದು ಜಗಲಿಯ ಅಂಚಿಗೆ ಬಂದು ಬೀದಿಯ ಕೊನೆಯ ಕಡೆ ಕಣ್ಣು ಹಾಯಿಸಿದರು. ಬೀದಿ ಮುಗಿದ ಮೇಲೆ ಗದ್ದೆ, ಗದ್ದೆ ಮುಗಿದ ಮೇಲೆ ದಿಬ್ಬ, ದಿಬ್ಬದ ಮೇಲೆ ಕೇರಿಯ ಗುಡಿಸಲುಗಳು ಕಾಣುತ್ತಿದ್ದವು. ಅವರ ಮುಖದಲ್ಲಿ ನಿಧಾನವಾಗಿ ಒಂದು ಕಳೆ ಬಂತು.

"ನನಗೂ ಎಷ್ಟೋ ಸಲ ಅನ್ನಿಸಿತ್ತು ಸುಬ್ಬರಾಯರೇ. ಈ ಬೀದೀಲಿ ಉಸಿರು ಕಟ್ಟತ್ತೆ. ಆ ದಿಬ್ಬದ ಮೇಲೆ ಎಂಥ ಗಾಳಿ, ಎಂಥ ಬೆಳಕು! ಹುಡುಗ ಓದು ಮುಗಿಸಿ ಬರೋಷ್ಟರಲ್ಲಿ ಅಲ್ಲೊಂದು ಬಂಗಲೆ ಎಬ್ಬಿಸಿಬಿಟ್ಟರೆ ನಿಮ್ಮ ಶಾರದೆಗೂ ಕೊಲಂಬೊದಲ್ಲಿದ್ದ ಹಾಗೇ ಇರತ್ತೆ. ಆ ಗುಡಿಸಲುಗಳನ್ನ ಇನ್ನೊಂದಷ್ಟು ಆಚೆಗೆ ಹಾಕಿಸಿದರಾಯಿತು. ಏನಂತೀರಿ?"

ತಟ್ಟೆ ಮತ್ತೆ ಮುಂದಕ್ಕೆ ಬಂತು. ನನಗೆ ಹೇಳಲು ಮಾತಿತ್ತು. ಆ ಮಾತನ್ನು ಹೇಳಿದರೆ ತಟ್ಟೆ ಒಳಗೆ ಹೋಗುತ್ತದೆಂದೂ, ಅದರ ಜೊತೆಗೆ ಶಾರದೆಯ ಮದುವೆಯೂ ಹೋಗುತ್ತದೆಂದೂ ಗೊತ್ತಿತ್ತು. ಗಾಳಿ ಚೆನ್ನಾಗಿದೆ ರಾಯರೇ, ಎಂದೆ. ತಾಂಬೂಲ ತೆಗೆದುಕೊಂಡೆ.

ಮದುವೆ ಚೆನ್ನಾಗಿ ಆಯಿತು. ಬಂಗಲೆಯೂ ಎದ್ದಿತು. ಗುಡಿಸಲುಗಳನ್ನು ಹೇಗೆ ತೆಗೆಸಿದರೆಂದು ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ. ಗೃಹಪ್ರವೇಶವಾಗಿ ಕೆಲವು ತಿಂಗಳ ಮೇಲೆ ಹೋಗಿದ್ದಾಗ ಶಾರದೆ ನಗುನಗುತ್ತ ಬಂದು ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಹಲಸಿನ ಸಸಿ ಹಾಕಲು ಗುಂಡಿ ತೆಗೆಸುತ್ತಿದ್ದಳಂತೆ. ಗುಂಡಿಯ ಪಕ್ಕದಲ್ಲಿ, ಮಣ್ಣು ಮೆತ್ತಿದ ಒಂದು ಒರಳುಕಲ್ಲೂ ಮೂರು ಒಲೆಗುಂಡುಗಳೂ ಬಿದ್ದಿದ್ದವು.

"ಮಾವ, ಇಲ್ಲಿ ಮೊದಲು ಯಾರಿದ್ದರು?"

"ಯಾರೂ ಇರಲಿಲ್ಲಮ್ಮ," ಎಂದೆ. "ಇದು ಊರಾಚೆ ಅಲ್ಲವೇ?"